ಮೌಸ್ ಓಡುತ್ತಿದೆ, ಕೀಲಿಮಣೆ ನಿಂತಿದೆ: ಪಾಸ್‌ವರ್ಡ್ ಕೊಡಲಾಗದ ಡೆಸ್ಕ್‌ಟಾಪ್ ತೆರೆಯುವುದು ಹೇಗೆ?

ತುಂಗಾತೀರ | ಗುರುವಾರ, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿನ ಊರಿನಲ್ಲಿ, ಮನೆಯಲ್ಲಿಯೇ ಕುಳಿತು ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಉಪನಯನದ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ಇಂಥವು. ಇಂದು ಸಂಜೆ ಒಂದು ಲಗ್ನಪತ್ರಿಕೆ ತಿದ್ದುತ್ತಿದ್ದಾಗ ವೈರ್‌ಲೆಸ್ ಕೀಲಿಮಣೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದರ ಜೊತೆಗೆ ಬಂದ ಮೌಸ್ ಮಾತ್ರ ಚೆನ್ನಾಗಿಯೇ ಓಡುತ್ತಿದೆ. ಎರಡಕ್ಕೂ ಒಂದೇ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ರಿಸೀವರ್).

ಗಡಿಯಾರದ ಸೆಲ್ ತೆಗೆದು ಕೀಲಿಮಣೆಗೆ ಹಾಕಿ ನೋಡಿದೆ, ಜೀವ ಬರಲಿಲ್ಲ. ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸರಿಹೋದೀತು ಎಂದು ಮೌಸ್‌ನಿಂದಲೇ ಮಾಡಿದೆ. ಈಗ ವಿಂಡೋಸ್ 11 ಪಾಸ್‌ವರ್ಡ್ ಕೇಳುತ್ತಾ ನಿಂತಿದೆ, ಕೊಡುವುದಕ್ಕೆ ಕೀಲಿಮಣೆಯಿಲ್ಲ. ಪೇಟೆಯ ಅಂಗಡಿಯವರಿಗೆ ಫೋನ್ ಮಾಡಿದರೆ, ತಂದುಕೊಡಿ, ಫಾರ್ಮ್ಯಾಟ್ ಮಾಡಬೇಕಾಗಬಹುದು ಎಂದರು. ನಾಲ್ಕು ವರ್ಷದ ಕೆಲಸ ಅದರಲ್ಲಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಪತ್ರಿಕೆ ಮುದ್ರಣಾಲಯಕ್ಕೆ ಹೋಗಬೇಕು. ಹೊರಗೆ ಮಳೆ, ಮನೆಯಲ್ಲಿ ಬೇರೆ ಕೀಲಿಮಣೆಯಿಲ್ಲ. ದಯವಿಟ್ಟು ದಾರಿ ತೋರಿಸಿ.

ಬಯಲುಸೀಮೆ | ರಾತ್ರಿ 8.52

ಮೇಡಂ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಆನ್ ಮಾಡಿ, ವಿಂಡೋಸ್ ಬರುವಾಗಲೇ ಮತ್ತೆ ಆಫ್ ಮಾಡಿ. ಹೀಗೆ ಮೂರು ಸಲ ಮಾಡಿದರೆ ರಿಪೇರಿಯ ನೀಲಿ ಪರದೆ ಬರುತ್ತದೆ. ಅಲ್ಲಿಂದ ಸರಿಪಡಿಸಿಕೊಳ್ಳಬಹುದು. ಅದೂ ಆಗದಿದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಕಡತ ತೆಗೆದುಕೊಳ್ಳಿ.

ಹಳೆ ರಿಪೇರಿಗಾರ | ರಾತ್ರಿ 9.05

ಮೇಡಂ, ಮೇಲಿನ ಎರಡು ಕೆಲಸಗಳಲ್ಲಿ ಒಂದನ್ನೂ ಈಗ ಮಾಡಬೇಡಿ. ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ವಿಂಡೋಸ್ ನೆಟ್ಟಗೆ ಮೇಲೆ ಬಂದು, ಪಾಸ್‌ವರ್ಡ್ ಕೊಡಿ ಎಂದು ಕಾಯುತ್ತಿದೆ. ಕೆಟ್ಟಿರುವುದು ಕೀಲಿಮಣೆ, ಅದೂ ಬಹುಶಃ ಸಣ್ಣದೊಂದು ಕಾರಣಕ್ಕೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಕೀಲಿಮಣೆಯ ದೋಷಕ್ಕೆ ಡಿಸ್ಕ್ ಫಾರ್ಮ್ಯಾಟ್ ಮಾಡಿಸಿಕೊಂಡು ಮಕ್ಕಳ ಫೋಟೋಗಳನ್ನೆಲ್ಲ ಕಳೆದುಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಪಾಸ್‌ವರ್ಡ್ ಕೇಳುವ ಪರದೆಯ ಬಲಗಡೆ ಕೆಳಮೂಲೆ ನೋಡಿ. ಪವರ್ ಗುರುತಿನ ಪಕ್ಕದಲ್ಲಿ ಕೈಚಾಚಿ ನಿಂತ ಮನುಷ್ಯನ ಚಿತ್ರವಿದೆ. ಅದನ್ನು ಕ್ಲಿಕ್ ಮಾಡಿದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಆನ್‌ಸ್ಕ್ರೀನ್ ಕೀಬೋರ್ಡ್ ಎಂಬುದನ್ನು ಆನ್ ಮಾಡಿ. ಪರದೆಯ ಮೇಲೆಯೇ ಕೀಲಿಮಣೆ ಮೂಡುತ್ತದೆ. ಮೌಸ್‌ನಿಂದ ಒಂದೊಂದೇ ಅಕ್ಷರ ಒತ್ತಿ ಪಾಸ್‌ವರ್ಡ್ ಕೊಡಿ.

ತುಂಗಾತೀರ | ರಾತ್ರಿ 9.21

ಸರ್, ಕೀಲಿಮಣೆ ಬಂತು! ಆದರೆ ಪಾಸ್‌ವರ್ಡ್ ತಪ್ಪು ಎನ್ನುತ್ತಿದೆ. ಮೂರು ಸಲ ನಿಧಾನವಾಗಿ ಒತ್ತಿದೆ. ಕೀಲಿಗಳು ಇರುವ ಜಾಗವನ್ನು ಅಂದಾಜು ಮಾಡಿ ಒತ್ತಿದ್ದೇನೆ, ಏಕೆಂದರೆ ಪರದೆಯ ಕೀಲಿಗಳ ಮೇಲೆ ಕನ್ನಡ ಅಕ್ಷರಗಳಿವೆ.

ಕಡಲತಡಿ | ರಾತ್ರಿ 9.24

ಅಕ್ಕಾ, ಅಲ್ಲಿಯೇ ಇದೆ ತೊಡಕು. ನೀವು ವಿಂಡೋಸಿಗೆ ಕನ್ನಡ ಕೀಲಿಮಣೆಯನ್ನೂ ಸೇರಿಸಿದ್ದೀರಿ ಅಲ್ಲವೇ? ರೀಸ್ಟಾರ್ಟ್ ಆದಾಗ ಅದೇ ಮುಂದೆ ಬಂದು ಕುಳಿತಿದೆ. ಪಾಸ್‌ವರ್ಡಿನ ಜಾಗದಲ್ಲಿ ಬರೀ ಚುಕ್ಕೆಗಳು ಕಾಣುವುದರಿಂದ ಇಂಗ್ಲಿಷ್ ಬೀಳುತ್ತಿದೆಯೋ ಕನ್ನಡ ಬೀಳುತ್ತಿದೆಯೋ ತಿಳಿಯುವುದಿಲ್ಲ. ಅದೇ ಬಲಮೂಲೆಯಲ್ಲಿ ಭಾಷೆಯ ಗುರುತಿದೆ, ಅದನ್ನು ಒತ್ತಿ ಇಂಗ್ಲಿಷ್ ಆರಿಸಿ. ಪಾಸ್‌ವರ್ಡ್ ಪಕ್ಕದ ಕಣ್ಣಿನ ಚಿತ್ರವನ್ನು ಒತ್ತಿ ಹಿಡಿದರೆ ನೀವು ಬರೆದದ್ದು ಕಾಣಿಸುತ್ತದೆ.

ನಮ್ಮ ಕಚೇರಿಯಲ್ಲಿ ಇದೇ ಕಾರಣಕ್ಕೆ ಒಂದು ಇಡೀ ದಿನ ಕೆಲಸ ನಿಂತಿತ್ತು. ಕನ್ನಡದಲ್ಲಿ ಕೆಲಸ ಮಾಡುವವರು ಇದನ್ನು ತಿಳಿದಿರಲೇಬೇಕು.

ತುಂಗಾತೀರ | ರಾತ್ರಿ 9.33

ಒಳಗೆ ಹೋದೆ. ಕಡತಗಳೆಲ್ಲ ಇವೆ. ಕೈ ಇನ್ನೂ ನಡುಗುತ್ತಿದೆ. ಮಗಳ ಶಾಲೆಯ ಕೆಲಸಕ್ಕೆ ಯೂನಿಕೋಡ್ ಬೇಕೆಂದು ಹೋದ ತಿಂಗಳು ಕನ್ನಡ ಕೀಲಿಮಣೆ ಸೇರಿಸಿದ್ದು ನಿಜ. ಇಬ್ಬರಿಗೂ ಎಷ್ಟು ಧನ್ಯವಾದ ಹೇಳಲಿ.

ಈಗ ಪತ್ರಿಕೆಯಲ್ಲಿ ಎರಡು ತಿದ್ದುಪಡಿ ಬಾಕಿ ಇದೆ. ಮುಹೂರ್ತ 11.20 ಇದ್ದದ್ದು 11.35 ಆಗಬೇಕು. ಮದುವೆ ಕಲ್ಯಾಣ ಮಂಟಪದಲ್ಲಿ ಅಲ್ಲ, ವಧುವಿನ ಗೃಹದಲ್ಲಿ ಎಂದಾಗಬೇಕು.

ಹಳೆ ರಿಪೇರಿಗಾರ | ರಾತ್ರಿ 9.40

ಮೊದಲು ಒಂದು ಪ್ರತಿ ಹೊರಗೆ ಬರಲಿ, ತಿದ್ದುಪಡಿ ಆಮೇಲೆ. ಪೆನ್‌ಡ್ರೈವ್ ಹಾಕಿ, ಆ ಫೋಲ್ಡರನ್ನು ಮೌಸ್‌ನಿಂದ ಎಳೆದು ಅದರೊಳಗೆ ಬಿಡಿ. ಕನ್ನಡ ಬರೆಯುವ ನುಡಿ ತಂತ್ರಾಂಶದ ಫಾಂಟುಗಳನ್ನೂ ಜೊತೆಗೆ ಹಾಕಿ. ಅವಿಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಕಡತ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕೋರೆಲ್‌ಡ್ರಾದಲ್ಲಿ ಮಾಡಿದ್ದಾದರೆ ಕೊನೆಯ ಪ್ರತಿಯೊಂದನ್ನು ಕರ್ವ್ಸ್ ಮಾಡಿ, ಅಂದರೆ ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿ, ಪ್ರತ್ಯೇಕವಾಗಿ ಉಳಿಸಿ. ಆಗ ಫಾಂಟಿನ ಹಂಗೇ ಇರುವುದಿಲ್ಲ.

ಅಂಕೆಗಳನ್ನು ಪರದೆಯ ಕೀಲಿಮಣೆಯಿಂದಲೇ ಒತ್ತಬಹುದು. ಕನ್ನಡದ ಪದಗಳಿಗೆ ನುಡಿಯೊಡನೆ ಗುದ್ದಾಡಬೇಡಿ. ಬೇಕಾದ ಅಕ್ಷರಗಳು ಪತ್ರಿಕೆಯಲ್ಲಿಯೇ ಎಲ್ಲಾದರೂ ಇದ್ದೇ ಇರುತ್ತವೆ, ಬಲಗುಂಡಿಯಿಂದ ಕಾಪಿ ಮಾಡಿ, ಪೇಸ್ಟ್ ಮಾಡಿ.

ತುಂಗಾತೀರ | ರಾತ್ರಿ 10.15

ಆಯಿತು ಸರ್. "ವಧುವಿನ" ಎಂಬ ಪದ ಮೇಲಿನ ಸಾಲಿನಲ್ಲಿ ಸಿಕ್ಕಿತು. "ಗೃಹ" ಸಿಕ್ಕಿದ್ದು ಮಾರನೆಯ ದಿನದ ವಧೂಗೃಹಪ್ರವೇಶದ ಸಾಲಿನಲ್ಲಿ. "ಮಂಟಪದಲ್ಲಿ" ಎಂಬುದರ ಬಾಲದಲ್ಲಿ "ದಲ್ಲಿ" ಮೊದಲೇ ಇತ್ತು, ಅದನ್ನು ಉಳಿಸಿಕೊಂಡೆ. ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ನಮ್ಮ ಮಾವ ಶಿವಮೊಗ್ಗದ ಒಂದು ಮುದ್ರಣಾಲಯದಲ್ಲಿದ್ದರು. ಪಕ್ಕದಲ್ಲಿ ಕುಳಿತು ನೋಡುತ್ತಿದ್ದವರು, ನಾವು ಮಾಡುತ್ತಿದ್ದುದೂ ಇದನ್ನೇ ಎಂದರು. ಪೆನ್‌ಡ್ರೈವಿಗೆ ಎಲ್ಲವೂ ಬಂದಿದೆ. ಪಿಡಿಎಫ್ ಅನ್ನು ಮುದ್ರಣಾಲಯದವರಿಗೆ ಕಳುಹಿಸಿದೆ.

ಇನ್ನು ಕೀಲಿಮಣೆಗೆ ಏನಾಗಿದೆ ಎಂದು ತಿಳಿಯಬೇಕು. ಹೊಸದು ಕೊಳ್ಳುವುದು ಕೊನೆಯ ಮಾತಾಗಲಿ.

ಬಯಲುಸೀಮೆ | ರಾತ್ರಿ 10.22

ಕಡತ ಉಳಿದದ್ದು ಸಂತೋಷ ಮೇಡಂ. ನಾನು ಹೇಳಿದ್ದು ಆತುರದ ಸಲಹೆಯಾಯಿತು. ಆದರೂ ಹಾರ್ಡ್ ಡಿಸ್ಕ್ ಬಿಚ್ಚುವುದರಲ್ಲಿ ತಪ್ಪೇನಿದೆ ಎಂದು ರಿಪೇರಿಗಾರರು ವಿವರಿಸಬೇಕು. ನಾನು ಎರಡು ಸಲ ಹಾಗೆ ಮಾಡಿ ಕಡತ ತೆಗೆದಿದ್ದೇನೆ.

ಹಳೆ ರಿಪೇರಿಗಾರ | ರಾತ್ರಿ 10.50

ಕೇಳಿದ್ದು ಒಳ್ಳೆಯದಾಯಿತು. ವಿಂಡೋಸ್ 7ರ ಕಾಲದಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಈಗ ಕಾಲ ಬದಲಾಗಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿಸಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿದ್ದರೆ, ಬಹುಪಾಲು ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗಿರುತ್ತದೆ. ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ 48 ಅಂಕೆಗಳ ರಿಕವರಿ ಕೀಲಿ ಕೇಳುತ್ತದೆ. ಆ ಕೀಲಿ ಎಲ್ಲಿದೆ ಎಂದು ಗೊತ್ತಿಲ್ಲದವರೇ ಹೆಚ್ಚು.

ಮೂರು ಸಲ ಆಫ್ ಮಾಡುವ ಉಪಾಯ ವಿಂಡೋಸ್ ಮೇಲೆ ಬಾರದೇ ಇದ್ದಾಗಿನದು. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಅರ್ಧದಲ್ಲಿ ಕೊಂದರೆ, ಅಪ್‌ಡೇಟ್ ನಡೆಯುತ್ತಿದ್ದ ಹೊತ್ತಾಗಿದ್ದರೆ, ಇಲ್ಲದ ರೋಗ ಬರುತ್ತದೆ. ಕೀಲಿಮಣೆಯೂ ಮೌಸೂ ಎರಡೂ ಸತ್ತಾಗ ಯಂತ್ರವನ್ನು ಆಫ್ ಮಾಡಬೇಕಾದರೆ ಪವರ್ ಬಟನನ್ನು ಒಂದೇ ಸಲ ಮೆಲ್ಲಗೆ ಒತ್ತಿ ಬಿಡಿ. ಡೆಸ್ಕ್‌ಟಾಪಿನಲ್ಲಿ ಅದನ್ನು ಬದಲಿಸಿರದಿದ್ದರೆ ವಿಂಡೋಸ್ ಕ್ರಮವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಒತ್ತಿ ಹಿಡಿಯುವುದು ಬೇರೆ, ಒತ್ತಿ ಬಿಡುವುದು ಬೇರೆ.

ಆ ನೀಲಿ ಪರದೆಯನ್ನೂ ಪೂರ್ತಿ ನಂಬುವಂತಿಲ್ಲ. 2025ರ ಅಕ್ಟೋಬರ್ 14ರಂದು ಬಂದ ಕೆಬಿ5066835 ಎಂಬ ಅಪ್‌ಡೇಟಿನ ನಂತರ ವಿಂಡೋಸ್ 11ರಲ್ಲಿ ಯುಎಸ್‌ಬಿ ಕೀಲಿಮಣೆ, ಮೌಸ್ ಎರಡೂ ಆ ರಿಪೇರಿ ಪರದೆಯಲ್ಲಿ ಕೆಲಸ ಮಾಡುತ್ತಿರಲಿಲ್ಲ. ವಿಂಡೋಸಿನೊಳಗೆ ಸರಿಯಾಗಿದ್ದವು, ರಿಪೇರಿಗೆಂದು ಹೋದರೆ ಕೈಕಟ್ಟು. ಅಕ್ಟೋಬರ್ 20ರಂದು ಕೆಬಿ5070773 ಬಿಟ್ಟು ಸರಿಪಡಿಸಿದರು. ಆ ಆರು ದಿನಗಳಲ್ಲಿ ಉಪಯೋಗಕ್ಕೆ ಬಂದದ್ದು ಹಳೆಯ ನೇರಳೆ ಬಣ್ಣದ ದುಂಡು ಪಿನ್ನಿನ ಪಿಎಸ್/2 ಕೀಲಿಮಣೆ. ಆ ಪೋರ್ಟ್ ಇರುವ ಮದರ್‌ಬೋರ್ಡ್ ನಿಮ್ಮಲ್ಲಿದ್ದರೆ, ಅಟ್ಟದ ಮೇಲಿನ ಹಳೆಯ ಕೀಲಿಮಣೆಯನ್ನು ಗುಜರಿಗೆ ಹಾಕಬೇಡಿ. ಆದರೆ ಅದನ್ನು ಯಂತ್ರ ಆಫ್ ಇದ್ದಾಗಲೇ ಸಿಕ್ಕಿಸಬೇಕು.

ಡೊಂಬಿವಿಲಿ ಕನ್ನಡತಿ | ರಾತ್ರಿ 11.10

ಆ 48 ಅಂಕೆಗಳ ಕಷ್ಟ ನಾನು ಪಟ್ಟಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯ ಕೀಲಿಮಣೆ ಬ್ಲೂಟೂತಿನದು, ಡಾಂಗಲ್ ಇಲ್ಲ. ಬಯಾಸ್ (ವಿಂಡೋಸಿಗಿಂತ ಮೊದಲು ಏಳುವ ಮದರ್‌ಬೋರ್ಡಿನ ತಂತ್ರಾಂಶ) ಅಪ್‌ಡೇಟ್ ಮಾಡಿದ ಮರುಕ್ಷಣ, ಆ ಕೀಲಿ ಕೇಳುವ ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಗೆ ಬದಲಿಸುವ ವಿಂಡೋಸಿನ ವ್ಯವಸ್ಥೆ) ಪರದೆ ಬಂತು. ಎಷ್ಟು ಒತ್ತಿದರೂ ಒಂದು ಅಂಕೆ ಮೂಡಲಿಲ್ಲ. ಕೀಲಿಮಣೆಯೇ ಹಾಳಾಯಿತು ಎಂದುಕೊಂಡೆ. ಮೇಲಿನ ಮನೆಯ ಹುಡುಗ ಬಂದು ಹೇಳಿದ: ಆಂಟಿ, ಬ್ಲೂಟೂತ್ ಕೀಲಿಮಣೆಗೆ ಜೀವ ಬರುವುದು ವಿಂಡೋಸ್ ಎದ್ದ ಮೇಲೆ, ಇದು ಅದಕ್ಕಿಂತ ಮುಂಚಿನ ಪರದೆ.

ಅವನ ತಂತಿಯ ಕೀಲಿಮಣೆ ತಂದು ಸಿಕ್ಕಿಸಿದೆವು. ಮೊಬೈಲಿನಲ್ಲಿ ನನ್ನ ಮೈಕ್ರೋಸಾಫ್ಟ್ ಖಾತೆಗೆ ಹೋದರೆ ಕೀಲಿ ಅಲ್ಲಿಯೇ ಇತ್ತು. ಆರು ಅಂಕೆಗಳ ಎಂಟು ಗುಂಪು. ಅವನು ಓದಿದ, ನಾನು ಒತ್ತಿದೆ. ಈಗ ಅದನ್ನು ಕಾಗದದ ಮೇಲೆ ಬರೆದು ಗ್ಯಾಸ್ ಪುಸ್ತಕದ ಜೊತೆ ಇಟ್ಟಿದ್ದೇನೆ. ನೀವೂ ಬರೆದಿಡಿ.

ಪೆಂಗ್ವಿನ್ ಪ್ರಿಯ | ರಾತ್ರಿ 11.18

ಲಿನಕ್ಸಿನಲ್ಲಿಯೂ ಇದೇ ಕಥೆ. ಡಿಸ್ಕಿಗೆ ಗೂಢಲಿಪಿ ಹಾಕಿದ್ದರೆ ಪಾಸ್‌ವರ್ಡ್ ಕೇಳುವುದು ಯಂತ್ರ ಪೂರ್ತಿ ಏಳುವ ಮೊದಲು. ಡಾಂಗಲ್ ಇರುವ ಕೀಲಿಮಣೆಯನ್ನು ಯಂತ್ರ ಸಾಮಾನ್ಯ ಯುಎಸ್‌ಬಿ ಕೀಲಿಮಣೆ ಎಂದೇ ತಿಳಿಯುತ್ತದೆ, ಆದ್ದರಿಂದ ನಡೆಯುತ್ತದೆ. ಬ್ಲೂಟೂತ್ ನಡೆಯುವುದಿಲ್ಲ.

ಹಳೆ ರಿಪೇರಿಗಾರ | ರಾತ್ರಿ 11.30

ಇಬ್ಬರೂ ಹೇಳಿದ್ದು ಸರಿ. ಕೀಲಿಮಣೆ ನಿಂತಿತು ಎಂದು ಯಾರೇ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಇದೇ: ವಿಂಡೋಸ್ ಬರುವ ಮುಂಚೆ ನಿಲ್ಲುತ್ತದೆಯೋ, ಬಂದ ಮೇಲೆ ನಿಲ್ಲುತ್ತದೆಯೋ? ಯಂತ್ರ ಆನ್ ಮಾಡಿ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಹೋಗಿ. ಬಯಾಸ್ ತೆರೆದುಕೊಂಡರೆ ಕೀಲಿಮಣೆ, ಡಾಂಗಲ್, ಪೋರ್ಟ್ ಮೂರೂ ನೆಟ್ಟಗಿವೆ, ದೋಷ ವಿಂಡೋಸಿನಲ್ಲಿದೆ. ತೆರೆಯದಿದ್ದರೆ ಕೂಡಲೇ ಕೀಲಿಮಣೆ ಸತ್ತಿದೆ ಎಂದು ತೀರ್ಮಾನಿಸಬೇಡಿ. ಬಯಾಸಿನಲ್ಲಿ ಫಾಸ್ಟ್ ಬೂಟ್ ಆನ್ ಇದ್ದರೆ ಯುಎಸ್‌ಬಿಯನ್ನು ಎಬ್ಬಿಸದೆಯೇ ಯಂತ್ರ ವಿಂಡೋಸಿಗೆ ಓಡಿಬಿಡುತ್ತದೆ.

ಬಯಾಸಿನ ಸೆಟ್ಟಿಂಗ್ ಅಳಿಸಲು ಮದರ್‌ಬೋರ್ಡಿನ ಬಿಲ್ಲೆ ಸೆಲ್ ತೆಗೆಯಿರಿ ಎಂದು ಯಾರಾದರೂ ಹೇಳಿದರೆ, ಬಿಟ್‌ಲಾಕರ್ ಇರುವ ಯಂತ್ರದಲ್ಲಿ ಅದಕ್ಕೆ ಕೈಹಾಕುವ ಮುಂಚೆ ರಿಕವರಿ ಕೀಲಿಯೂ ತಂತಿಯ ಕೀಲಿಮಣೆಯೂ ಕೈಯಲ್ಲಿರಲಿ. ಇಲ್ಲದಿದ್ದರೆ ಡೊಂಬಿವಿಲಿಯ ಅಕ್ಕ ನಿಂತ ಜಾಗದಲ್ಲಿಯೇ ನಿಲ್ಲುತ್ತೀರಿ.

ತುಂಗಾತೀರ ಅವರೇ, ನಿಮಗೆ ಎರಡು ಪರೀಕ್ಷೆ. ನೋಟ್‌ಪ್ಯಾಡ್ ತೆರೆದು ಯಾವುದಾದರೂ ಒಂದು ಅಕ್ಷರವನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಅಕ್ಷರ ಬಿದ್ದರೆ ಫಿಲ್ಟರ್ ಕೀಸ್ ಆನ್ ಆಗಿದೆ ಎಂದರ್ಥ. ಬಲಗಡೆಯ ಶಿಫ್ಟ್ ಕೀಲಿ ಎಂಟು ಸೆಕೆಂಡು ಒತ್ತಿಕೊಂಡರೆ ಅದು ಬರುತ್ತದೆ. ಪುಸ್ತಕ ಮೇಲೆ ಬಿದ್ದಿದ್ದರೂ ಸಾಕು. ಆಮೇಲೆ ಚಟಕ್ಕನೆ ಒತ್ತಿದ್ದನ್ನೆಲ್ಲ ವಿಂಡೋಸ್ ಕಡೆಗಣಿಸುತ್ತದೆ, ಕೀಲಿಮಣೆ ಸತ್ತಂತೆಯೇ ಕಾಣುತ್ತದೆ. ಅಕ್ಷರ ಬೀಳದಿದ್ದರೆ ಕೀಲಿಮಣೆ ಮಗುಚಿ, ಸೆಲ್ ಕೂರುವ ಗುಂಡಿಯನ್ನು ಟಾರ್ಚ್ ಬಿಟ್ಟು ನೋಡಿ, ಮುಖ್ಯವಾಗಿ ಸ್ಪ್ರಿಂಗಿನ ಬುಡ.

ತುಂಗಾತೀರ | ಶುಕ್ರವಾರ, ಬೆಳಿಗ್ಗೆ 6.50

ಒತ್ತಿ ಹಿಡಿದರೂ ಅಕ್ಷರ ಬೀಳಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ಒಂದು ಸ್ಪ್ರಿಂಗಿನ ಕೊನೆಯ ಎರಡು ಸುತ್ತು ಕಾಣುವುದೇ ಇಲ್ಲ, ಬಿಳಿಯ ಪುಡಿ ಉಪ್ಪು ಕಟ್ಟಿದಂತೆ ಕಟ್ಟಿದೆ. ಅದರಂಚಿನಲ್ಲಿ ತಾಮ್ರದ ಚೊಂಬಿಗೆ ಕಿಲುಬು ಬಂದಂಥ ಹಸಿರು. ರಾತ್ರಿ ಆತುರದಲ್ಲಿ ಇದರ ಮೇಲೆಯೇ ಸೆಲ್ ತುರುಕಿದ್ದೆ. ಮೊದಲಿದ್ದ ಸೆಲ್‌ಗಳು ಕೀಲಿಮಣೆಯ ಜೊತೆಗೇ ಬಂದವು, ಅಲ್ಕಲೈನ್ ಎಂದು ಬರೆದಿದೆ. ಎರಡು ವರ್ಷದಿಂದ ಮುಚ್ಚಳ ತೆಗೆದಿರಲಿಲ್ಲ.

ಕಡಲತಡಿ | ಬೆಳಿಗ್ಗೆ 7.05

ಸಿಕ್ಕಿಬಿತ್ತು! ಅಕ್ಕಾ, ಲಿಂಬೆಹಣ್ಣು ಇದೆಯೇ? ಹತ್ತಿಯನ್ನು ಕಡ್ಡಿಗೆ ಸುತ್ತಿ ಲಿಂಬೆರಸದಲ್ಲಿ ಅದ್ದಿ ಒರೆಸಿ.

ಹಳೆ ರಿಪೇರಿಗಾರ | ಬೆಳಿಗ್ಗೆ 7.12

ಅಲ್ಕಲೈನ್ ಆದ್ದರಿಂದ ಲಿಂಬೆ ಸರಿ. ಅದರಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅದು ಕ್ಷಾರ, ಹುಳಿ ತಾಗಿದರೆ ಶಮನವಾಗುತ್ತದೆ. ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್ ಕಾರ್ಬನ್ ಸೆಲ್ ಸೋರಿದ್ದರೆ ಲಿಂಬೆ ಹಾಕಬಾರದು. ಅದರ ರಸವೇ ಹುಳಿ, ಅದಕ್ಕೆ ಅಡುಗೆ ಸೋಡಾ ಬೇಕು.

ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಊದಬೇಡಿ, ಕಣ್ಣಿಗೆ ಹಾರೀತು. ಹತ್ತಿ ಒದ್ದೆಯಾದರೆ ಸಾಕು, ತೊಟ್ಟಿಕ್ಕಬಾರದು. ನೊರೆ ನಿಂತ ಮೇಲೆ ನೀರಿನ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಲೋಹ ಹೊಳೆಯುವ ತನಕ ಉಜ್ಜಿ. ಎರಡೂ ಸೆಲ್ ಹೊಸದು, ಒಂದೇ ಜಾತಿಯದು ಹಾಕಿ. ಗಡಿಯಾರ ನಡೆಸುವ ಸೆಲ್ ಕೀಲಿಮಣೆ ನಡೆಸಬೇಕೆಂದಿಲ್ಲ, ಗಡಿಯಾರಕ್ಕೆ ಬೇಕಾಗುವುದು ಬಹಳ ಕಡಿಮೆ.

ತುಂಗಾತೀರ | ಮಧ್ಯಾಹ್ನ 1.30

ಲಿಂಬೆ ತಾಗಿದೊಡನೆ ಬಿಳಿಪುಡಿ ಚುರುಗುಟ್ಟಿ ಸಣ್ಣ ಗುಳ್ಳೆಗಳೆದ್ದವು. ನಾಲ್ಕು ಕಡ್ಡಿ ಹತ್ತಿ ಕಂದುಬಣ್ಣಕ್ಕೆ ತಿರುಗಿದ ಮೇಲೆ ಸ್ಪ್ರಿಂಗಿನ ಸುತ್ತುಗಳು ಕಂಡವು. ಒಲೆಯ ಹತ್ತಿರ ಎರಡು ಗಂಟೆ ಒಣಗಿಸಿ, ಯಜಮಾನರು ಪೇಟೆಯಿಂದ ತಂದ ಹೊಸ ಸೆಲ್ ಹಾಕಿದೆ. ಕೀಲಿಮಣೆಗೆ ಜೀವ ಬಂತು! ಕಣ್ಣಲ್ಲಿ ನೀರು ಬಂತು ನನಗೆ.

ಆದರೆ ಈಗ ಹೊಸದೊಂದು ತೊಂದರೆ. ನುಡಿಯಲ್ಲಿ ಬರೆಯುವಾಗ ನಡುನಡುವೆ ಕೀಲಿ ಬೀಳುವುದಿಲ್ಲ. "ಅಮ್ಮ" ಎಂದು ಬರೆದರೆ "ಅಮಮ" ಆಗುತ್ತದೆ, "ಸುಪುತ್ರ" ಬರೆದರೆ "ಸುಪುತರ". ಒತ್ತಕ್ಷರಕ್ಕೆ ಒತ್ತುವ ಎಫ್ ಕೀಲಿ ಹಾಳಾಗಿದೆಯೇ?

ಹಳೆ ರಿಪೇರಿಗಾರ | ಮಧ್ಯಾಹ್ನ 1.48

ನೋಟ್‌ಪ್ಯಾಡಿನಲ್ಲಿ ಎಫ್ ಅನ್ನು ಐವತ್ತು ಸಲ ಒತ್ತಿ ಎಣಿಸಿ. ಬೇರೊಂದು ಅಕ್ಷರವನ್ನೂ ಐವತ್ತು ಸಲ. ಡಾಂಗಲ್ ಯಾವ ಪೋರ್ಟಿನಲ್ಲಿದೆ, ಅದರ ಪಕ್ಕದಲ್ಲಿ ಏನಿದೆ?

ತುಂಗಾತೀರ | ಮಧ್ಯಾಹ್ನ 2.05

ಎಫ್ 46 ಬಿತ್ತು, ಕೆ 45 ಬಿತ್ತು. ಡಾಂಗಲ್ ಹಿಂದುಗಡೆಯ ನೀಲಿ ಪೋರ್ಟಿನಲ್ಲಿದೆ. ರಾತ್ರಿ ನಿಮ್ಮ ಮಾತು ಕೇಳಿ ಎಲ್ಲವನ್ನೂ ಕಾಪಿ ಮಾಡಿಡಬೇಕೆಂದು ಇವರ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಪಕ್ಕದ ಪೋರ್ಟಿಗೆ ಸಿಕ್ಕಿಸಿದ್ದೇನೆ, ಕಾಪಿ ಇನ್ನೂ ನಡೆಯುತ್ತಿದೆ.

ಹಳೆ ರಿಪೇರಿಗಾರ | ಮಧ್ಯಾಹ್ನ 2.20

ಹಾಗಾದರೆ ಎಫ್ ಕೀಲಿಯ ತಪ್ಪಲ್ಲ. ಎಲ್ಲ ಕೀಲಿಗಳೂ ಬಿಟ್ಟುಹೋಗುತ್ತಿವೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೋದರೆ ಕಣ್ಣಿಗೆ ಬೀಳದೆ ಹೋಗಬಹುದು, ಕನ್ನಡದಲ್ಲಿ ಎಫ್ ಹೋದರೆ ಒತ್ತೇ ಕಳಚಿ ಬೀಳುವುದರಿಂದ ಕೂಡಲೇ ಕಾಣುತ್ತದೆ.

ನಿಮ್ಮ ಡಾಂಗಲ್ ಮಾತಾಡುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ. ನೀಲಿ ಪೋರ್ಟ್ ಎಂದರೆ ಯುಎಸ್‌ಬಿ 3.0. ಅದರಲ್ಲಿ ದತ್ತಾಂಶ ವೇಗವಾಗಿ ಹರಿಯುವಾಗ ಹುಟ್ಟುವ ರೇಡಿಯೊ ಗದ್ದಲ ಇದೇ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆ ಬೀಳುತ್ತದೆ. ಇದು ಊಹೆಯಲ್ಲ. 2012ರಲ್ಲಿ ಇಂಟೆಲ್ ಕಂಪನಿಯೇ ಅಳತೆ ಮಾಡಿ ಪ್ರಕಟಿಸಿದ ವಿಷಯ. ಹಾರ್ಡ್ ಡಿಸ್ಕಿನ ತಂತಿಯ ಪಕ್ಕದಲ್ಲಿಯೇ ಡಾಂಗಲ್ ಕುಳಿತರೆ, ಸಂತೆಯ ನಡುವೆ ಪಿಸುಮಾತು ಕೇಳಿಸಿಕೊಳ್ಳಲು ಕುಳಿತಂತೆ. ಅದರ ಮೇಲೆ ಕ್ಯಾಬಿನೆಟ್ಟಿನ ತಗಡು ಬೇರೆ ಅಡ್ಡ.

ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿ ತಂದು, ಡಾಂಗಲನ್ನು ಮೇಜಿನ ಮೇಲೆ ಕೀಲಿಮಣೆಯ ಎದುರಿಗೇ ಬರುವಂತೆ ಇಡಿ. ಮತ್ತೊಂದು ತುದಿ ಕಪ್ಪು ಪೋರ್ಟಿಗೆ ಹೋಗಲಿ. ತಂತಿ ಸಿಗುವ ತನಕ ಡಾಂಗಲನ್ನು ಮುಂದುಗಡೆಯ ಪೋರ್ಟಿಗೆ ಹಾಕಿ ನೋಡಿ.

ಪೆಂಗ್ವಿನ್ ಪ್ರಿಯ | ಮಧ್ಯಾಹ್ನ 2.41

ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮಾತ್ರ ಕೀಲಿಮಣೆ ಕೈಕೊಡುವುದಾದರೆ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬಲ್ಲಿನ ಗುರುತನ್ನು ತೆಗೆಯಿರಿ. ನಿಮ್ಮದು ಆ ಬಗೆಯದಲ್ಲ, ಆದರೂ ಓದುವ ಇತರರಿಗೆ ಬೇಕಾದೀತು.

ತುಂಗಾತೀರ | ಶನಿವಾರ, ಬೆಳಿಗ್ಗೆ 11.15

ಮುಂದುಗಡೆಯ ಪೋರ್ಟಿಗೆ ಹಾಕಿದೊಡನೆ ಐವತ್ತಕ್ಕೆ ಐವತ್ತೂ ಬಿದ್ದವು. ಇಂದು ತಂತಿ ತಂದು ಡಾಂಗಲನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಹಾರ್ಡ್ ಡಿಸ್ಕಿಗೆ ಕಾಪಿ ನಡೆಯುತ್ತಿರುವಾಗಲೇ ಎರಡು ಪುಟ ಬರೆದೆ, ಒಂದು ಒತ್ತೂ ಬಿಟ್ಟುಹೋಗಲಿಲ್ಲ. ಅದೇ ಅಂಗಡಿಯಿಂದ ತಂತಿಯ ಕೀಲಿಮಣೆಯೊಂದನ್ನೂ ತಂದೆವು. ಒಮ್ಮೆ ಸಿಕ್ಕಿಸಿ, ಬಯಾಸ್ ತೆರೆದು ನೋಡಿ, ಕವರಿಗೆ ಹಾಕಿ ಕಪಾಟಿನಲ್ಲಿಟ್ಟಿದ್ದೇನೆ. ಬಿಟ್‌ಲಾಕರ್ ಕೀಲಿಯನ್ನು ಖಾತೆಯಲ್ಲಿ ಹುಡುಕಿ ಬರೆದುಕೊಂಡೆ, ನಮ್ಮ ಯಂತ್ರದಲ್ಲಿಯೂ ಅದು ಆನ್ ಆಗಿಯೇ ಇತ್ತು. ಅಂಗಡಿಯಲ್ಲಿ ಡಿಸ್ಕ್ ಬಿಚ್ಚಿಸಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಎದೆ ಧಸಕ್ಕೆನ್ನುತ್ತದೆ.

ಪತ್ರಿಕೆ ಮುದ್ರಣವಾಗಿ ಬಂದಿದೆ. ಮುಹೂರ್ತ 11.35, ವಧುವಿನ ಗೃಹದಲ್ಲಿ. ಅಕ್ಷರ ಜೋಡಿಸಿದ್ದು ಎಲ್ಲಿಯೂ ಗೊತ್ತಾಗುವುದಿಲ್ಲ ಎಂದು ಮಾವ ಭೂತಗನ್ನಡಿ ಹಿಡಿದು ನೋಡಿ ಹೇಳಿದರು.

ಹಳೆ ರಿಪೇರಿಗಾರ | ಬೆಳಿಗ್ಗೆ 11.40

ಬಹಳ ಸಂತೋಷವಾಯಿತು. ಮಳೆಗಾಲದಲ್ಲಿ ವಾರಗಟ್ಟಲೆ ಬಳಸದೆ ಇಡುವುದಾದರೆ ಸೆಲ್ ತೆಗೆದಿಡಿ ಮೇಡಂ. ಮೌಸ್‌ನ ಮುಚ್ಚಳವನ್ನೂ ಇಂದೇ ಒಮ್ಮೆ ತೆರೆದು ನೋಡಿ, ಅದರ ಸೆಲ್‌ಗೂ ಅಷ್ಟೇ ವಯಸ್ಸಾಗಿದೆ.

ತುಂಗಾತೀರ | ಬೆಳಿಗ್ಗೆ 11.52

ತೆರೆದೆ ಸರ್. ಸ್ಪ್ರಿಂಗಿನ ತುದಿಯಲ್ಲಿ ಸಾಸಿವೆಯಷ್ಟು ಬಿಳಿ ಕಾಣಿಸಿಕೊಂಡಿದೆ. ಲಿಂಬೆಹಣ್ಣು ಕೊಯ್ಯುತ್ತಿದ್ದೇನೆ.